ಹ್ಯಾಂಗ್ ಆಯ್ತಾ? ಮೊದಲು ಕೈ ಹಿಂದೆ ತಗೋ

ಪರದೆ ನಿಂತ ಕೂಡಲೇ ಪವರ್ ಬಟನ್ ಕಡೆ ಓಡುತ್ತದಲ್ಲ ನಿನ್ನ ಬೆರಳು, ಅದನ್ನು ಸ್ವಲ್ಪ ಹಿಡಿದುಕೋ ಮಗೂ. ನಿನ್ನ ತಲೆ ಚುರುಕು. ಸ್ಕ್ರೂಡ್ರೈವರ್ ಹಿಡಿದರೆ ಕೈ ನಡುಗುವುದಿಲ್ಲ. ಮನೆಯಲ್ಲಿ ಯಾರ ಫೋನು ಕೆಟ್ಟರೂ, ಯಾವ ಪ್ರಿಂಟರ್ ಮುಷ್ಕರ ಹೂಡಿದರೂ ನಿನ್ನನ್ನೇ ಕೂಗುತ್ತಾರೆ. ಎಲ್ಲ ಸರಿ. ಕಾಯುವುದೊಂದು ಬಿಟ್ಟು ಉಳಿದದ್ದೆಲ್ಲ ನಿನಗೆ ಬರುತ್ತದೆ. ಆಗೊಮ್ಮೆ ಈಗೊಮ್ಮೆ ಹ್ಯಾಂಗ್ ಆಗುವ ಡೆಸ್ಕ್‌ಟಾಪ್ ಕೇಳುವುದು ಸರಿಯಾಗಿ ಆ ಒಂದನ್ನೇ.

ಪೂರ್ತಿ ಸತ್ತ ಕಂಪ್ಯೂಟರನ್ನು ರಿಪೇರಿ ಮಾಡುವುದು ಸುಲಭ. ಒಂದೊಂದೇ ಭಾಗ ಬದಲಾಯಿಸುತ್ತ ಹೋದರೆ ಯಾವುದೋ ಒಂದಕ್ಕೆ ಎದ್ದು ಕೂರುತ್ತದೆ. ಕಷ್ಟ ಯಾವುದು ಗೊತ್ತಾ? ದಿನವೆಲ್ಲ ನೆಟ್ಟಗೆ ಓಡಿ, ಅಪ್ಪ ಜಿಎಸ್‌ಟಿ ಲೆಕ್ಕ ತುಂಬುವ ಹೊತ್ತಿಗೆ ನಿಂತು, ನೀನು ಬಂದು ನೋಡುವಷ್ಟರಲ್ಲಿ ಮತ್ತೆ ಸಾಧುವಾಗಿ ಕೂರುತ್ತದಲ್ಲ, ಅದು. ರಿಪೇರಿ ಅಂಗಡಿಯ ಮೇಜಿನ ಮುಂದೆ ಕೂತೇ ಕೂದಲು ಬೆಳ್ಳಗಾದವನು ನಾನು. ಇಂಥದ್ದನ್ನು ಹೊತ್ತು ತಂದ ಗಿರಾಕಿಯನ್ನು ಬಾಗಿಲಲ್ಲೇ ಕಂಡರೆ ನಮ್ಮ ಹುಡುಗರಿಗೆ ತಕ್ಷಣ ಟೀ ನೆನಪಾಗುತ್ತಿತ್ತು.

ಮುಂದಿನ ಸಲ ನಿಂತಾಗ ಗಡಿಯಾರ ನೋಡಿ ಐದು ನಿಮಿಷ ಸುಮ್ಮನೆ ಕೂತುಕೋ. ಅಷ್ಟರಲ್ಲಿ ಅದಾಗಿಯೇ ಎದ್ದರೆ ಅದು ನಿಂತದ್ದಲ್ಲ, ಉಸಿರುಗಟ್ಟಿದ್ದು. 4 ಜಿಬಿ ರ‍್ಯಾಮ್ ಇರುವ ಹಳೆಯ ಯಂತ್ರದಲ್ಲಿ ಬ್ರೌಸರಿನ ಮೂವತ್ತು ಟ್ಯಾಬ್ ತೆರೆದಿಟ್ಟು, ಜೊತೆಗೆ ಸಿನಿಮಾನೂ ಹಾಕಿದರೆ ಅದು ಇನ್ನೇನು ಮಾಡಬೇಕು? ರ‍್ಯಾಮಿನಲ್ಲಿ ಜಾಗ ಸಾಲದೆ ಸಾಮಾನೆಲ್ಲ ಹಾರ್ಡ್ ಡಿಸ್ಕಿಗೆ ಹಾಕುತ್ತದೆ, ಮತ್ತೆ ತೆಗೆಯುತ್ತದೆ. ಕ್ಯಾಬಿನೆಟ್ಟಿನ ಕೆಂಪು ದೀಪ ಒಂದೇ ಸಮನೆ ಉರಿಯುತ್ತಿರುತ್ತದೆ. ಇದು ಕೆಟ್ಟದ್ದಲ್ಲ, ಬಡತನ. ಟ್ಯಾಬ್ ಮುಚ್ಚು, ಇಲ್ಲವೇ ರ‍್ಯಾಮ್ ಹೆಚ್ಚಿಸು, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕು.

ಐದು ನಿಮಿಷ ಕಳೆದರೂ ಏಳಲಿಲ್ಲವೋ, ಆಗ ನಾಡಿ ನೋಡು. ಕೀಬೋರ್ಡಿನ ನಮ್ ಲಾಕ್ ಒತ್ತು. ಅದರ ಪುಟ್ಟ ದೀಪ ಹತ್ತಿ ಆರಿದರೆ ಒಳಗೆ ಇನ್ನೂ ಜೀವವಿದೆ. ಯಾವುದೋ ಪ್ರೋಗ್ರಾಮೋ, ಡಿಸ್ಕಿನ ಕಾಯುವಿಕೆಯೋ, ಗ್ರಾಫಿಕ್ಸ್ ಡ್ರೈವರೋ ಸಿಕ್ಕಿಕೊಂಡಿರಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರಬಹುದು. ಬರೀ ಪರದೆ ಹೆಪ್ಪುಗಟ್ಟಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಜೊತೆ ಬಿ ಒತ್ತಿ ನೋಡು, ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಚಾಲೂ ಆಗುತ್ತದೆ. ನಮ್ ಲಾಕ್ ದೀಪವೂ ಅಲುಗದಿದ್ದರೆ, ಕೇಳುತ್ತಿದ್ದ ಹಾಡಿನ ಕೊನೆಯ ತುಣುಕು ಟ್ರ್‌ರ್‌ರ್ ಎಂದು ಒಂದೇ ಕಡೆ ಕೊರೆಯುತ್ತಿದ್ದರೆ, ಇಡೀ ಯಂತ್ರ ನಿಂತಿದೆ ಎಂದರ್ಥ. ಅಂಥದ್ದರ ಹಿಂದೆ ಬಹುಪಾಲು ಯಾವುದಾದರೂ ಬಿಡಿಭಾಗ ಇರುತ್ತದೆ, ಇಲ್ಲವೇ ಆಳದಲ್ಲಿ ಕೂತ ಡ್ರೈವರ್. ಈಗ ಬಟನ್ ಒತ್ತಿ ಆರಿಸು, ಬೈಯುವುದಿಲ್ಲ. ನೋಡಿದೆಯಾ, ಏನನ್ನೂ ಬಿಚ್ಚದೆ ಅರ್ಧ ಅನುಮಾನ ಕಳೆಯಿತು.

“ಯಾವಾಗ ಬೇಕೋ ಆವಾಗ ನಿಲ್ಲುತ್ತದೆ” ಅಂತ ಹೇಳಬೇಡ. ಯಂತ್ರಕ್ಕೆ ಮನಸ್ಸಿಲ್ಲ, ಮನಸ್ಸು ಬಂದಂತೆ ನಿಲ್ಲುವುದಿಲ್ಲ. ನಿನ್ನ ಹತ್ತಿರ ಲೆಕ್ಕವಿಲ್ಲ, ಅಷ್ಟೇ. ವಿಂಡೋಸ್ 95 ಮತ್ತು 98ರಲ್ಲಿ ಒಂದು ದೋಷವಿತ್ತು. ಯಂತ್ರ ಚಾಲೂ ಆದಾಗಿನಿಂದ ಕಳೆದ ಮಿಲಿಸೆಕೆಂಡುಗಳನ್ನು ಅದು 32 ಬಿಟ್ ಅಂಕಿಯಲ್ಲಿ ಎಣಿಸುತ್ತಿತ್ತು. ಆ ಅಂಕಿ 429 ಕೋಟಿ ಚಿಲ್ಲರೆಗೆ ತುಂಬಿಹೋಗುತ್ತದೆ, ಅಂದರೆ 49.7 ದಿನಕ್ಕೆ. ಬಿಡದೆ ಅಷ್ಟು ದಿನ ಓಡಿಸಿದರೆ ಯಂತ್ರ ನಿಂತುಬಿಡುತ್ತಿತ್ತು. ಬಹಳ ಕಾಲ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಆ ವಿಂಡೋಸ್ ಅಷ್ಟು ದಿನ ಬದುಕಿದ್ದರೆ ತಾನೇ! ಆಮೇಲೆ ಕ್ರೂಷಿಯಲ್ ಎಂ4 ಎಂಬ ಎಸ್‌ಎಸ್‌ಡಿ ಬಂತು. ಒಟ್ಟು 5,184 ಗಂಟೆ ಓಡಿದ ಮೇಲೆ ಅದು ಉತ್ತರ ಕೊಡುವುದನ್ನೇ ನಿಲ್ಲಿಸುತ್ತಿತ್ತು. ಮತ್ತೆ ಚಾಲೂ ಮಾಡಿದರೆ ಗಂಟೆಗೊಮ್ಮೆ ಅದೇ ಗೋಳು. 2012ರ ಜನವರಿಯಲ್ಲಿ ಹೊಸ ಫರ್ಮ್‌ವೇರ್ ಕೊಟ್ಟು ಸರಿಪಡಿಸಿದರು. ಗಂಟೆ ನೋಡಿಕೊಂಡವರಿಗೆ ಅದೊಂದು ಸುಳಿವು, ನೋಡದವರಿಗೆ ಗ್ರಹಚಾರ.

ಅದಕ್ಕೇ ಒಂದು ನೋಟ್‌ಬುಕ್ ಇಡು. ಫೋನಿನಲ್ಲಿ ಬರೆದುಕೊಳ್ಳುತ್ತೇನೆ ಅನ್ನಬೇಡ, ನೀನು ಬರೆಯುವುದಿಲ್ಲ. ಕಂಪ್ಯೂಟರ್ ಪಕ್ಕದಲ್ಲೇ ದಾರ ಕಟ್ಟಿದ ಪೆನ್ನಿನ ಜೊತೆ ಇರಲಿ. ನಿಂತ ದಿನ, ಹೊತ್ತು, ಚಾಲೂ ಮಾಡಿ ಎಷ್ಟು ಹೊತ್ತಾಗಿತ್ತು, ಏನು ತೆರೆದಿತ್ತು, ನಮ್ ಲಾಕ್ ದೀಪ ಏನಂದಿತು, ಕರೆಂಟ್ ಹೋಗಿ ಬಂದಿತ್ತೇ, ಸೆಕೆ ಎಷ್ಟಿತ್ತು, ಯುಎಸ್‌ಬಿಗೆ ಏನು ಸಿಕ್ಕಿಸಿತ್ತು. ಒಂದೊಂದು ಸಲಕ್ಕೆ ಒಂದೊಂದು ಸಾಲು ಸಾಕು.

ಹಳ್ಳಿಯೊಂದರ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ನಮ್ಮಲ್ಲಿಗೆ ಬಂದಾಗಲೆಲ್ಲ ಮದುಮಗನಂತೆ ಇರುತ್ತಿತ್ತು. ವಾಪಸ್ ಹೋದರೆ ಹ್ಯಾಂಗ್. ರ‍್ಯಾಮ್ ನೋಡಿಯಾಯ್ತು, ಡಿಸ್ಕ್ ನೋಡಿಯಾಯ್ತು, ಎಲ್ಲವೂ ಸರಿ. ಕೊನೆಗೆ ಅಂಗಡಿಯವರ ತಂಗಿ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಹೊತ್ತು ಗುರುತು ಹಾಕುತ್ತ ಬಂದಳು. ಆ ಹಾಳೆ ನೋಡಿದ ಕೂಡಲೇ ಗೊತ್ತಾಯಿತು: ಅವೆಲ್ಲ ಆ ಊರಿಗೆ ತ್ರೀ ಫೇಸ್ ಕರೆಂಟ್ ಬಿಡುವ ಹೊತ್ತು. ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದಾಗ ವೋಲ್ಟೇಜ್ ಕುಸಿಯುತ್ತಿತ್ತು, ಯಂತ್ರಕ್ಕೆ ಕರೆಂಟ್ ಒದಗಿಸುವ ಕಡಿಮೆ ದುಡ್ಡಿನ ಹಳೆಯ ಎಸ್‌ಎಂಪಿಎಸ್ ತಡೆಯುತ್ತಿರಲಿಲ್ಲ. ನಮ್ಮ ಪೇಟೆಯ ಅಂಗಡಿಯಲ್ಲಿ ಪಂಪ್‌ಸೆಟ್ ಎಲ್ಲಿಂದ ಬರಬೇಕು? ಒಳ್ಳೆಯ ಎಸ್‌ಎಂಪಿಎಸ್ ಒಂದು, ಯುಪಿಎಸ್ ಒಂದು ಹಾಕಿಸಿದ ಮೇಲೆ ಆ ಯಂತ್ರ ನಮ್ಮ ಮುಖ ನೋಡಲು ಬರಲಿಲ್ಲ. ಅಷ್ಟೊಂದು ಉಪಕರಣ ಇಟ್ಟುಕೊಂಡಿದ್ದ ನಮಗೆ ಸಿಗದ್ದು ಆ ಹುಡುಗಿಯ ಪೆನ್ಸಿಲಿಗೆ ಸಿಕ್ಕಿತು.

ಇನ್ನೊಂದು ಮಾತು. ಮನೆಯವರನ್ನು ಕೇಳುವಾಗ “ಏನು ಮಾಡಿದೆ?” ಅಂತ ಕೇಳಬೇಡ. ಕೇಳಿದೆಯೋ, “ನಾನೇನೂ ಮಾಡಲಿಲ್ಲಪ್ಪ” ಎಂಬ ಉತ್ತರ ರೆಡಿ ಇರುತ್ತದೆ. ಆಮೇಲೆ ಬ್ರಹ್ಮ ಬಂದರೂ ಒಳಗಿನದು ಹೊರಗೆ ಬರುವುದಿಲ್ಲ. “ಯಾವಾಗ ನಿಂತಿತು? ಆಗ ಪರದೆ ಮೇಲೆ ಏನಿತ್ತು?” ಅಂತ ಕೇಳು. ಅಜ್ಜಿಯೂ ಹೇಳುತ್ತಾಳೆ: “ಭಜನೆ ಹಾಕಿಕೊಂಡು ಕೂತಿದ್ದೆ, ಕೆಲಸದವಳು ಗುಡಿಸುತ್ತ ಆ ಡಬ್ಬ ಸರಿಸಿದಳು, ನಿಂತುಹೋಯಿತು.” ಡಬ್ಬ ಸರಿಸಿದಾಗ ನಿಂತಿದ್ದರೆ ಎಲ್ಲೋ ಕೇಬಲ್ ಸಡಿಲ. ನೋಡು, ತಪ್ಪು ಹೊರಿಸದೆ ಕೇಳಿದ್ದಕ್ಕೆ ಅರ್ಧ ದಿನ ಉಳಿಯಿತು. ನಿನ್ನ ವಯಸ್ಸಿನವರಿಗೆ ಈ ಬುದ್ಧಿ ಬರುವುದು ತಡ. ಯಂತ್ರ ಬಲ್ಲವರು ಮನುಷ್ಯರ ಮಾತಿಗೆ ಬೆಲೆ ಕೊಡುವುದಿಲ್ಲ.

ಏನು ಮುಟ್ಟುವುದಕ್ಕೂ ಮೊದಲು ಫೋಟೊ, ಲೆಕ್ಕಪತ್ರ, ಅಕ್ಕನ ಪ್ರಾಜೆಕ್ಟ್ ರಿಪೋರ್ಟ್, ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡು. ನಾಳೆ ಮಾಡುತ್ತೇನೆ ಅನ್ನಬೇಡ. ಹ್ಯಾಂಗ್ ಆಗುವುದು ಎಷ್ಟೋ ಸಲ ಡಿಸ್ಕ್ ಸಾಯುವ ಮುನ್ನಿನ ಏದುಸಿರು.

ನಿನ್ನ ದೊಡ್ಡ ಚಟಕ್ಕೆ ಈಗ ಬರುತ್ತೇನೆ: “ಫಾರ್ಮ್ಯಾಟ್ ಹೊಡೆದುಬಿಡೋಣ.” ರ‍್ಯಾಮ್ ಕೆಟ್ಟಿದ್ದಕ್ಕೆ ವಿಂಡೋಸ್ ಅಳಿಸಿ ಹಾಕುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಎರಡು ದಿನ ಹೊಸದರ ಹುಮ್ಮಸ್ಸಿನಲ್ಲಿ ಓಡುತ್ತದೆ, ನೀನು ಕಾಲರ್ ಎತ್ತಿಕೊಂಡು ಓಡಾಡುತ್ತೀಯ, ಮೂರನೆಯ ದಿನ ಮತ್ತೆ ನಿಲ್ಲುತ್ತದೆ. ಇದಕ್ಕಿಂತ ಕೆಟ್ಟದ್ದು, ಯೂಟ್ಯೂಬ್ ವಿಡಿಯೊ ನೋಡಿ ಹತ್ತು ಉಪಾಯಗಳನ್ನು ಒಂದೇ ಸಂಜೆ ಮಾಡಿ ಮುಗಿಸುವುದು. ಸರಿಹೋದರೆ ಯಾವುದರಿಂದ ಎಂದು ಗೊತ್ತಿಲ್ಲ, ಕೆಟ್ಟರೆ ಯಾವುದು ಕೆಡಿಸಿತು ಎಂದೂ ಗೊತ್ತಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ನೋಟ್‌ಬುಕ್ಕಿನಲ್ಲಿ ಬರೆ. ಕಾದು ನೋಡು. ಆಮೇಲೆ ಇನ್ನೊಂದು.

ಬಿಚ್ಚುವ ಮೊದಲು ಯಂತ್ರವೇ ಬರೆದಿಟ್ಟ ದಿನಚರಿ ಓದು. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂದು ಹುಡುಕಿದರೆ ದಿನದಿನದ ನಕ್ಷೆ ಸಿಗುತ್ತದೆ, ಎಡವಿದ ದಿನಕ್ಕೆ ಕೆಂಪು ಗುರುತು. ಅದು ಶುರುವಾದ ದಿನ ಏನು ಇನ್‌ಸ್ಟಾಲ್ ಆಗಿತ್ತು ನೋಡು. ಈವೆಂಟ್ ವ್ಯೂವರಿನಲ್ಲಿ ಕರ್ನಲ್ ಪವರ್ 41 ಎಂಬುದನ್ನು ಕಂಡು ಎಲ್ಲರೂ ಬೆಚ್ಚುತ್ತಾರೆ. ಸರಿಯಾಗಿ ಶಟ್ ಡೌನ್ ಆಗದೆ ಮತ್ತೆ ಚಾಲೂ ಆಯಿತು ಎಂಬ ವರದಿ ಅದು. ಬಟನ್ ಒತ್ತಿ ಆರಿಸಿದ್ದು ನೀನೇ ತಾನೇ! ಅದರ ಹಿಂದಿನ ಸಾಲುಗಳಲ್ಲಿ ಡಿಸ್ಕಿನ ಹೆಸರಲ್ಲಿ 7, ಅಥವಾ ಅದರ ಕಂಟ್ರೋಲರ್ ಡ್ರೈವರಿನ ಹೆಸರಲ್ಲಿ 129 ಇದ್ದರೆ ಡಿಸ್ಕ್ ಮತ್ತು ಅದರ ಕೇಬಲ್ ಮೇಲೆ ಕಣ್ಣಿಡು. ಡಿಸ್‌ಪ್ಲೇ 4101 ಇದ್ದರೆ ಗ್ರಾಫಿಕ್ಸ್. ಏನೂ ಇಲ್ಲವೇ? ಅದೂ ಒಂದು ಸಾಕ್ಷಿ. ಬರೆದಿಡಲೂ ಪುರುಸೊತ್ತು ಕೊಡದಷ್ಟು ಒಮ್ಮೆಗೇ ನಿಂತಿದೆ ಎಂದಾಯ್ತು.

ಡಿಸ್ಕಿನ ಆರೋಗ್ಯ ನೋಡಲು ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ಪ್ರೋಗ್ರಾಮ್ ಸಾಕು. ಹಾರ್ಡ್ ಡಿಸ್ಕಿನಲ್ಲಿ 05 ಮತ್ತು ಸಿ5 ಎಂಬ ಸಾಲುಗಳ ಅಂಕಿ ದಿನೇ ದಿನೇ ಏರುತ್ತಿದ್ದರೆ ಡಿಸ್ಕ್ ಬದಲಿಸು, ಚೌಕಾಸಿ ಬೇಡ. ಸಿ7 ಮಾತ್ರ ಏರುತ್ತಿದ್ದರೆ ಮೊದಲು ಸಾಟಾ ಕೇಬಲ್ ಬದಲಿಸಿ ನೋಡು. ಹೊಸ ಕೇಬಲ್ ಹಾಕಿದರೂ ಹಳೆಯ ಅಂಕಿ ಸೊನ್ನೆಗೆ ಇಳಿಯುವುದಿಲ್ಲ; ಮುಂದೆ ಏರದಿದ್ದರೆ ಗೆದ್ದೆ. ಡಿಸ್ಕಿಗೆ ಸಾವಿರಾರು ರೂಪಾಯಿ ಸುರಿದು, ಅದೇ ಹಳೆಯ ಕೇಬಲ್ ಸಿಕ್ಕಿಸಿಕೊಂಡು ಕೂತವರನ್ನು ನೋಡಿದ್ದೇನೆ.

ರ‍್ಯಾಮ್‌ಗೆ ರಾತ್ರಿ ಪರೀಕ್ಷೆ. ಮೆಮ್‌ಟೆಸ್ಟ್86 ಅನ್ನು ಪೆನ್ ಡ್ರೈವಿನಿಂದ ಬೂಟ್ ಮಾಡಿ ಮಲಗಿಬಿಡು. ಒಂದು ಸುತ್ತು ಮುಗಿಯಿತು, ಪಾಸ್ ಅಂತ ಕುಣಿಯಬೇಡ. ನಾಲ್ಕೂ ಸುತ್ತು ಮುಗಿಯಲಿ. ಬೆಳಿಗ್ಗೆ ಒಂದೇ ಒಂದು ತಪ್ಪು ಕಂಡರೂ ಅದು ತಪ್ಪೇ, ಇಲ್ಲಿ ಗ್ರೇಸ್ ಮಾರ್ಕ್ಸ್ ಇಲ್ಲ. ಎರಡು ಸ್ಟಿಕ್ ಇದ್ದರೆ ಒಂದನ್ನು ತೆಗೆದಿಟ್ಟು ಓಡಿಸು, ಆಮೇಲೆ ಇನ್ನೊಂದನ್ನು. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಹಾಕಿಕೊಂಡು ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುತ್ತಿದ್ದೀಯಾ? ಆಟಕ್ಕೆ ಎರಡು ಫ್ರೇಮ್ ಹೆಚ್ಚು ಬರಲಿ ಎಂದು ನೀನೇ ಹಾಕಿರುತ್ತೀಯ, ನನಗೆ ಗೊತ್ತು. ಅದನ್ನು ಆರಿಸಿ ಒಂದು ವಾರ ನೋಡು. ಕಾರವಾರ, ಉಡುಪಿ ಕಡೆಯ ಉಪ್ಪು ಗಾಳಿಗೆ, ಮಲೆನಾಡಿನ ಮಳೆಗಾಲದ ತೇವಕ್ಕೆ ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗುತ್ತವೆ. ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಎನ್ನುವವರೆಗೆ ಕೂರಿಸು. ರ‍್ಯಾಮ್ ತೆಗೆಯುವ ಮೊದಲು ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬರಿಯ ಲೋಹ ಮುಟ್ಟಿ, ಮೈಯಲ್ಲಿನ ಸ್ಥಾಯಿ ವಿದ್ಯುತ್ತು ಇಳಿಸಿಕೊಂಡಿರಬೇಕು.

ಬಿಸಿಯ ವಿಷಯದಲ್ಲಿ ಎಲ್ಲರೂ ಪಂಡಿತರು, “ಹೀಟ್ ಆಗಿದೆ” ಅಂದರೆ ಮುಗಿಯಿತು. ಈಗಿನ ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಹೋದರೆ ಮೊದಲು ತಾನೇ ನಿಧಾನವಾಗುತ್ತದೆ, ಇನ್ನೂ ಏರಿದರೆ ಆರಿಹೋಗುತ್ತದೆ. ಬರಿ ಬಿಸಿಗೆ ಹೆಪ್ಪುಗಟ್ಟಿ ನಿಲ್ಲುವುದು ಕಡಿಮೆ. ಆದರೆ ಮೊದಲೇ ದುರ್ಬಲವಾದ ಬೋರ್ಡು, ಕೆಪಾಸಿಟರ್, ಗ್ರಾಫಿಕ್ಸ್ ಕಾರ್ಡ್ ಬಿಸಿಯಲ್ಲಿ ಕೈಕೊಡುತ್ತವೆ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ. ಆ ಸೆಕೆಯಲ್ಲಿ ಕ್ಯಾಬಿನೆಟ್ಟನ್ನು ಟೇಬಲ್ಲಿನ ಗೂಡಿಗೆ ತುರುಕಿ, ಮೇಲೆ ಕಸೂತಿ ಬಟ್ಟೆ ಹೊದಿಸಿ ಕೂರಿಸಿದರೆ ಅದು ಎಲ್ಲಿಗೆ ಹೋಗಿ ಉಸಿರಾಡಬೇಕು? ಹೊರಗೆ ತೆಗೆ. ಪ್ರೊಸೆಸರ್ ಮೇಲಿನ ಫ್ಯಾನಿಗೂ ಅದರ ಕೆಳಗಿನ ಲೋಹದ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯಾಗಿ ಕೂತಿರುತ್ತದೆ. ಬ್ಲೋವರ್ ಬಿಡುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದುಕೋ, ಗಿರಗಿರನೆ ತಿರುಗಿಸಿ ಮಜಾ ನೋಡಬೇಡ, ಬೇರಿಂಗ್ ಹಾಳಾಗುತ್ತದೆ. ಇಂಟೆಲ್ ಜೊತೆ ಬರುವ ಫ್ಯಾನಿಗೆ ನಾಲ್ಕು ಪ್ಲಾಸ್ಟಿಕ್ ಗೂಟಗಳಿರುತ್ತವೆ. ಒಂದು ಎದ್ದಿದ್ದರೂ ಪ್ರೊಸೆಸರಿಗೆ ಸರಿಯಾಗಿ ತಾಗುವುದಿಲ್ಲ. ಆಯುಧ ಪೂಜೆಯ ದಿನ ಕಂಪ್ಯೂಟರಿಗೆ ಹೂವು ಇಡು, ಬೇಡ ಅನ್ನುವುದಿಲ್ಲ. ಕುಂಕುಮ, ವಿಭೂತಿಯನ್ನು ಫ್ಯಾನಿನ ಜಾಲರಿಗೆ ಮಾತ್ರ ಬಳಿಯಬೇಡ. ಹಿಂದಿನ ದಿನ ಧೂಳು ತೆಗೆದರೆ ಅದಕ್ಕಿಂತ ದೊಡ್ಡ ಪೂಜೆ ಇಲ್ಲ.

ಕವರ್ ತೆಗೆದಿದ್ದೀಯಲ್ಲ, ಮದರ್‌ಬೋರ್ಡಿನ ಮೇಲೆ ಉರುಟಾಗಿ ನಿಂತ ಕೆಪಾಸಿಟರುಗಳ ನೆತ್ತಿ ನೋಡು. ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಬಣ್ಣದ ಅಂಟು ಸೋರಿದ್ದರೆ, ಅಲ್ಲಿಗೆ ಹುಡುಕಾಟ ನಿಲ್ಲಿಸು. 2000ರ ದಶಕದ ಆರಂಭದ ಬೋರ್ಡುಗಳಲ್ಲಿ ಇದು ಮಾರಿಬೇನೆಯಂತೆ ಹಬ್ಬಿತ್ತು.

ಎಸ್‌ಎಂಪಿಎಸ್ ಬಗ್ಗೆ ಮಾತ್ರ ನನ್ನ ದನಿ ಗಟ್ಟಿಯಾಗುತ್ತದೆ. ಅದನ್ನು ಬಿಚ್ಚಬೇಡ. ನಮ್ಮ 230 ವೋಲ್ಟ್ ಅದರೊಳಗೆ ಡಿಸಿಯಾಗಿ ಸುಮಾರು 325 ವೋಲ್ಟಿಗೆ ಏರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಅದನ್ನು ಹಿಡಿದಿಟ್ಟುಕೊಂಡಿರಬಹುದು. ಬಯೋಸ್‌ನಲ್ಲಿ 12 ವೋಲ್ಟ್ ಎಂದಿರುವ ಜಾಗದಲ್ಲಿ 11.4ಕ್ಕಿಂತ ಕೆಳಗೆ ತೋರಿದರೆ ಅನುಮಾನಪಡು, ಆದರೆ ಆ ಅಂಕಿಯನ್ನೇ ಪೂರ್ತಿ ನಂಬಬೇಡ. ಖಚಿತ ಮಾಡಿಕೊಳ್ಳಲು ಗೆಳೆಯರ ಹತ್ತಿರ ಒಳ್ಳೆಯದೊಂದನ್ನು ನಾಲ್ಕು ದಿನಕ್ಕೆ ಕಡ ತಂದು ಹಾಕಿ ನೋಡು. ಹೇಳಿದ ದಿನಕ್ಕೆ ವಾಪಸ್ ಕೊಡು, ಅದರ ಕೇಬಲ್ ಸಮೇತ. ಮುಂದಿನ ಸಲವೂ ಕೇಳಬೇಕಾಗುತ್ತದೆ.

ತಪ್ಪು ಬಿಡಿಭಾಗದ್ದೋ ವಿಂಡೋಸಿನದ್ದೋ ಎಂದು ತೀರ್ಮಾನಿಸಲು ನನಗೆ ಬಹಳ ಇಷ್ಟವಾದ ದಾರಿ ಒಂದಿದೆ. ಉಬುಂಟುವನ್ನು ಪೆನ್ ಡ್ರೈವಿಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ಡಿಸ್ಕಿಗೆ ಏನೂ ಇನ್‌ಸ್ಟಾಲ್ ಮಾಡದೆ ಒಂದೆರಡು ದಿನ ಬಳಸು. ಅಲ್ಲೂ ನಿಂತರೆ ವಿಂಡೋಸ್ ನಿರಪರಾಧಿ. ಅಲ್ಲಿ ನಿಲ್ಲದಿದ್ದರೆ ಡ್ರೈವರ್, ಡಿಸ್ಕ್, ಇಲ್ಲವೇ ಒಂದರ ಮೇಲೊಂದು ಹಾಕಿಕೊಂಡ ಎರಡು ಆ್ಯಂಟಿವೈರಸ್ಸುಗಳ ಜಗಳ. ಪಿಸಿ ಕ್ಲೀನರ್, ಡ್ರೈವರ್ ಅಪ್‌ಡೇಟರ್ ಅಂತ ಬರುವ ಉಪಕಾರಿಗಳನ್ನು ಮಾತ್ರ ಬಾಗಿಲಲ್ಲೇ ಕಳಿಸಿಬಿಡು. ಇಂಟೆಲ್‌ನ 13 ಅಥವಾ 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ನಿನ್ನದಾದರೆ ಇದೆಲ್ಲಕ್ಕಿಂತ ಮೊದಲು ಬಯೋಸ್ ಅಪ್‌ಡೇಟ್ ಮಾಡು. ಅವುಗಳಲ್ಲಿ ಕೆಲವು ಮಾದರಿಗಳು ಹೆಚ್ಚು ವೋಲ್ಟೇಜ್ ಎಳೆದುಕೊಂಡು ಹಾಳಾಗುತ್ತಿದ್ದವು. 2024ರ ಆಗಸ್ಟಿನಿಂದ ಕಂಪನಿ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆಗಲೇ ಹಾಳಾದದ್ದು ಅಪ್‌ಡೇಟಿನಿಂದ ಸರಿಯಾಗುವುದಿಲ್ಲ, ವಾರಂಟಿಯಲ್ಲಿ ಬದಲಾಯಿಸಿಕೊಳ್ಳಬೇಕು. ಬಯೋಸ್ ಅಪ್‌ಡೇಟಿನ ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು, ಯುಪಿಎಸ್ ಇಲ್ಲದೆ ಕೈ ಹಾಕಬೇಡ. ಗುಡುಗು ಕೇಳುತ್ತಿರುವಾಗಂತೂ ಬೇಡವೇ ಬೇಡ.

ಇಷ್ಟೆಲ್ಲ ಆದ ಮೇಲೂ ಸಿಗದಿದ್ದರೆ ಅಂಗಡಿಗೆ ಕೊಡು, ನಾಚಿಕೆ ಬೇಡ. ನೀನು ಏನೇನು ಬಿಚ್ಚಿದೆ, ಏನು ಬದಲಾಯಿಸಿದೆ ಎಂಬುದನ್ನು ಮುಚ್ಚಿಡದೆ ಹೇಳು. ವೈದ್ಯರ ಮುಂದೆಯೂ ಮೆಕ್ಯಾನಿಕ್ ಮುಂದೆಯೂ ಸುಳ್ಳು ಹೇಳಿದರೆ ನಷ್ಟ ಹೇಳಿದವರಿಗೇ. ಎದುರಿಗಿರುವ ಮನುಷ್ಯ ನಿನ್ನ ನೋಟ್‌ಬುಕ್ಕನ್ನು ಓದಿ ಎರಡು ಪ್ರಶ್ನೆ ಕೇಳಿದರೆ ಯಂತ್ರ ಅಲ್ಲೇ ಬಿಡು. ಕವರನ್ನೂ ತೆಗೆಯದೆ “ಮದರ್‌ಬೋರ್ಡ್ ಹೋಗಿದೆ” ಅಂದರೆ ನಮಸ್ಕಾರ ಹೇಳಿ ಎತ್ತಿಕೊಂಡು ಬಾ. ಯಂತ್ರಕ್ಕೆ ಹತ್ತು ಹನ್ನೆರಡು ವರ್ಷ ಆಗಿದ್ದರೆ ಲೆಕ್ಕ ಹಾಕು. ಅಂಥ ಹಳೆಯದರಲ್ಲಿ ಓಡುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥದ್ದಕ್ಕೆ ಹೊಸ ಬೋರ್ಡ್ ಹುಡುಕುತ್ತ ಬೆಂಗಳೂರಿನ ಎಸ್‌ಪಿ ರೋಡ್ ಅಲೆಯುವುದು ನಿನಗೆ ಖುಷಿ ಕೊಡಬಹುದು, ದುಡ್ಡು ಕೊಡುವ ಅಪ್ಪನಿಗಲ್ಲ.

ಸಿಕ್ಕಿತು ಅನ್ನಿಸಿದ ದಿನವೇ ಮನೆಯೆಲ್ಲ ಸಾರಬೇಡ. ನೋಟ್‌ಬುಕ್ಕಿನಲ್ಲಿ ಎರಡು ಹ್ಯಾಂಗುಗಳ ನಡುವಿನ ಅತಿ ಉದ್ದದ ಬಿಡುವು ಎಷ್ಟಿತ್ತು ನೋಡು. ಅದು ಹತ್ತು ದಿನವಾಗಿದ್ದರೆ ಒಂದು ತಿಂಗಳು ಕಾಯಿ. ಅಷ್ಟು ದಿನ ನಿಲ್ಲದೆ ಓಡಿದರೆ ಸರಿಯಾಗಿದೆ ಅನ್ನು, ಬಿಚ್ಚಿದ ಸ್ಕ್ರೂಗಳನ್ನೆಲ್ಲ ಹಾಕು, ಡಬ್ಬಿಯಲ್ಲಿ ಉಳಿಸಿಕೊಳ್ಳಬೇಡ. ಮತ್ತೆ ನಿಂತರೆ ನೋಟ್‌ಬುಕ್ ಹಿಡಿದುಕೊಂಡು ನನ್ನ ಹತ್ತಿರ ಬಾ. ಫೋನಿನಲ್ಲಿ ಕೇಳಿದರೆ ನಾನು ಹೇಳುವುದಿಲ್ಲ.